ಬ್ರೂಜ್ ನಗರದ ಅಗ್ಗಿಷ್ಟಿಕೆ: ಪ್ರಶಸ್ತಿಯೋ, ಶಾಸನವೋ?

೧. ವಿಷಯಪ್ರವೇಶ

ರಾಜರ ಪ್ರತಾಪವನ್ನು ವರ್ಣಿಸುವ ಕೃತಿಗಳನ್ನು ಓದುವಾಗಲೂ ಪಾಠ ಹೇಳುವಾಗಲೂ ನಮ್ಮಲ್ಲಿ ಅನೇಕರಿಗೆ ಒಂದು ಸಂಕೋಚವುಂಟಾಗುವುದು. ವರ್ಣ್ಯನಾದ ರಾಜನು ಗತಿಸಿ ನೂರಾರು ವರ್ಷಗಳಾದುವು; ಅವನ ರಾಜ್ಯವೂ ಉಳಿದಿಲ್ಲ; ಅವನನ್ನು ಹೊಗಳಿದವರೋ ಅವನಿಂದ ಫಲವನ್ನು ಪಡೆದವರು, ಇಲ್ಲವೆ ಪಡೆಯಬಯಸಿದವರು. ಹೀಗಿರಲು ಇಂಥ ಕೃತಿಯಲ್ಲಿ ಕರ್ತೃವಿನ ಕೈಚಳಕವನ್ನುಳಿದು ಮತ್ತಾವ ಸತ್ಯವಿರಬಲ್ಲುದು ಎಂಬ ಶಂಕೆಯೇ ಆ ಸಂಕೋಚಕ್ಕೆ ಮೂಲ. ಈ ಶಂಕೆಯನ್ನು ಕಾವ್ಯದ ವಿಷಯದಲ್ಲಿ ವಿದ್ವಾಂಸರು ಬಹುವಾಗಿ ಚರ್ಚಿಸಿರುವರು. ಪ್ರಕೃತ ಲೇಖನದಲ್ಲಿ ಅದನ್ನು ಮರದಲ್ಲಿ ಕೆತ್ತಿದ ಒಂದು ಕೃತಿಯನ್ನು ಮುಂದಿಟ್ಟುಕೊಂಡು ವಿಚಾರಿಸಬೇಕೆಂದು ಉದ್ದೇಶಿಸಿದ್ದೇವೆ. ಅದು ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ, ‘ಬುರ್ಗ್’ ಎಂಬ ಚೌಕದ ಅಂಚಿನ ಹಳೆಯ ನ್ಯಾಯಸಭಾಗೃಹದಲ್ಲಿರುವ ಅಗ್ಗಿಷ್ಟಿಕೆಯ ಹೊರಕಟ್ಟು. ಐದನೆಯ ಚಾರ್ಲ್ಸ್ ಚಕ್ರವರ್ತಿಯ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ.

ಅಗ್ಗಿಷ್ಟಿಕೆಯೆಂಬುದು ‘ಅಗ್ನಿಷ್ಠಿಕೆ’ಯ ತದ್ಭವ. ಚಳಿಗಾಲದಲ್ಲಿ ಕೆಂಡವಿಟ್ಟು ಮೈಕಾಯಿಸಿಕೊಳ್ಳುವ ಪಾತ್ರೆಗೆ ನಮ್ಮಲ್ಲಿ ಆ ಹೆಸರು. ಶೀತದೇಶಗಳಲ್ಲಿ ಅದೇ ಕೆಲಸಕ್ಕಾಗಿ ಗೋಡೆಯಲ್ಲಿಯೇ ದೊಡ್ಡ ಗೂಡನ್ನು ಬಿಟ್ಟು, ಹೊಗೆ ಹೋಗಲು ಮೇಲಕ್ಕೆ ದಾರಿಯನ್ನು ಮಾಡಿ, ಗೂಡಿನ ಸುತ್ತಲೂ ಮೇಲೂ ಕಲ್ಲಿನಿಂದಲೋ ಮರದಿಂದಲೋ ಒಂದು ಕಟ್ಟನ್ನು ನಿಲ್ಲಿಸುವರು. ಸಭೆಯಲ್ಲಿ ಕುಳಿತವರ ದೃಷ್ಟಿಯು ಸಹಜವಾಗಿ ಬೆಂಕಿಯ ಕಡೆಗೆ ಹರಿಯುವುದರಿಂದ ಆ ಕಟ್ಟೇ ಮನೆಯ ಮುಖಸ್ಥಾನವಾಗುವುದು. ಆ ಸ್ಥಾನದಲ್ಲಿ ಯಾರು ಏನನ್ನು ಕೆತ್ತಿಸಿದರೆಂಬುದು ಆದಕಾರಣ ಅಲ್ಪವಾದ ಸಂಗತಿಯಲ್ಲ. ಈ ಲೇಖಕನು ಆ ಕೃತಿಯನ್ನು ಛಾಯಾಚಿತ್ರಗಳ ಮೂಲಕವೇ ಪರಿಶೀಲಿಸಿರುವನೆಂಬುದನ್ನು ಮೊದಲೇ ನಿವೇದಿಸುವುದು ಯುಕ್ತ. ಆದುದರಿಂದ ಉಳಿಯ ಗೆರೆಗಳ ಸೂಕ್ಷ್ಮತೆಯನ್ನು ಕುರಿತು ಇಲ್ಲಿ ತೀರ್ಪು ಹೇಳುವುದಿಲ್ಲ. ಕೃತಿಯ ಅರ್ಥವನ್ನು ನಿರ್ಣಯಿಸುವುದಷ್ಟೇ ನಮ್ಮ ಕೆಲಸ.

೨. ಕೃತಿಯ ಸ್ವರೂಪ

ಈ ಕಟ್ಟನ್ನು ೧೫೨೮ರಿಂದ ೧೫೩೧ರ ವರೆಗಿನ ಅವಧಿಯಲ್ಲಿ ನಿರ್ಮಿಸಿದರು. ಇದರ ವಿನ್ಯಾಸವನ್ನು ಕಲ್ಪಿಸಿದವನು ಬ್ರೂಜ್‌ನಲ್ಲಿ ನೆಲಸಿದ್ದ ಲಾನ್ಸಲೋಟ್ ಬ್ಲಾಂಡೀಲ್ ಎಂಬ ಚಿತ್ರಕಾರ. ಇವನು ಮೊದಲು ಕಟ್ಟಡಗೆಲಸದವನಾಗಿದ್ದವನು. ಚಿತ್ರಕಾರನಾದ ಮೇಲೆಯೂ ತನ್ನ ಅಂಕಿತದೊಡನೆ ಗಾರೆಕರಣೆಯ ಗುರುತನ್ನು ಬರೆಯುತ್ತಿದ್ದನು. ಕಾಯಕದ ಮೂಲವನ್ನು ಮರೆಯದ ಇಂಥವನಿಗೆ ಕಟ್ಟಡದ ಅಂಗವೂ ಚಿತ್ರದಂತಹ ರಚನೆಯೂ ಆದ ಈ ಕೆಲಸವು ಒದಗಿದುದು ಉಚಿತವೇ ಸರಿ. ಅಮೃತಶಿಲೆಗಿಂತಲೂ ಮೃದುವಾದ, ಹಾಲಿನ ಬಣ್ಣದ ಆಲಬಾಸ್ಟರ್ ಕಲ್ಲಿನ ಕೆತ್ತನೆಯನ್ನು ಗಿಯೋ ದ ಬೋಗ್ರಾಂ ಎಂಬ ಶಿಲ್ಪಿಯು ಮಾಡಿದನು. ಓಕ್ ಮರದ ಕೆಲಸದಲ್ಲಿ ಬೇರೆ ಕೆತ್ತನೆಗಾರರೂ ಕೈಗೂಡಿಸಿದರು.

ಕೃತಿಯಲ್ಲಿ ಮೂರು ದ್ರವ್ಯಗಳೂ ಮೂರು ನೆಲೆಗಳೂ ಇವೆ. ತಳದಲ್ಲಿ ಬೆಂಕಿಯ ಗೂಡನ್ನು ಸುತ್ತುವರಿದಿರುವುದು ಕರಿಯ ಅಮೃತಶಿಲೆ. ಅದರ ಮೇಲೆ ಅಡ್ಡಪಟ್ಟಿಯಾಗಿ ಹರಿದಿರುವುದು ಬಿಳಿಯ ಆಲಬಾಸ್ಟರ್ ಕಲ್ಲಿನ ಕಥಾಶಿಲ್ಪ. ಅದಕ್ಕೂ ಮೇಲೆ, ಸೂರಿನವರೆಗೆ ಎದ್ದು, ಎರಡು ಪಕ್ಕಗಳಿಗೂ ಗೋಡೆಯುದ್ದಕ್ಕೆ ಚಾಚಿಕೊಂಡಿರುವುದು ಓಕ್ ಮರದ ಮಹಾರಚನೆ. ಈ ಮರದ ಭಾಗದ ನಡುವೆ ಐದನೆಯ ಚಾರ್ಲ್ಸ್ ಚಕ್ರವರ್ತಿಯು ಖಡ್ಗವನ್ನೆತ್ತಿ ನಿಂತಿರುವನು. ಅವನ ಒಂದು ಪಾರ್ಶ್ವದಲ್ಲಿ ತಂದೆಯ ತಂದೆತಾಯಿಗಳಾದ ಮ್ಯಾಕ್ಸಿಮಿಲಿಯನ್ ಚಕ್ರವರ್ತಿ ಮತ್ತು ಬರ್ಗಂಡಿಯ ಮೇರಿ. ಮತ್ತೊಂದು ಪಾರ್ಶ್ವದಲ್ಲಿ ತಾಯಿಯ ತಂದೆತಾಯಿಗಳಾದ ಆರಗಾನಿನ ಫರ್ಡಿನೆಂಡ್ ಮತ್ತು ಕಾಸ್ಟೀಲಿನ ಇಸಾಬೆಲ್ಲ. ಚಾರ್ಲ್ಸನ ತಂದೆ ಫಿಲಿಪ್, ತಾಯಿ ಜೊಹಾನಾ, ಇವರ ಮುಖಗಳು ಅವನ ಹಿಂದಿನ ಸಿಂಹಾಸನದ ಮೇಲೆ ಪದಕಗಳ ರೂಪದಲ್ಲಿವೆ. ಇವರೆಲ್ಲರ ನಡುನಡುವೆ ರಾಜ್ಯಗಳ ಲಾಂಛನಫಲಕಗಳೂ, ಬಳ್ಳಿಗಳೂ, ಬಾಲಕರ ಆಕೃತಿಗಳೂ ತುಂಬಿಕೊಂಡಿವೆ.

೩. ಪೂರ್ವಪಕ್ಷ

ಈ ಕೃತಿಯು ಪಾವಿಯಾದ ಯುದ್ಧವಿಜಯದ ಸ್ಮಾರಕವೆಂದು ಎಲ್ಲರೂ ಹೇಳುವರು. ಅದು ನಿಜವೂ ಹೌದು. ೧೫೨೫ನೆಯ ಇಸವಿ ಫೆಬ್ರುವರಿ ೨೪ರಂದು ಇಟಲಿಯ ಲೊಂಬಾರ್ಡಿ ಸೀಮೆಯ ಪಾವಿಯಾ ಪಟ್ಟಣದ ಬಳಿ ಚಕ್ರವರ್ತಿಯ ಸೇನೆಯು ಫ್ರಾನ್ಸಿನ ಸೇನೆಯನ್ನು ಮುರಿದು, ಅರಸನಾದ ಒಂದನೆಯ ಫ್ರಾನ್ಸಿಸನನ್ನೇ ಸೆರೆಹಿಡಿಯಿತು. ಆ ದಿನವು ೧೫೦೦ರಲ್ಲಿ ಹುಟ್ಟಿದ ಚಾರ್ಲ್ಸನಿಗೆ ಇಪ್ಪತ್ತೈದು ವರ್ಷ ತುಂಬಿದ ದಿನವೂ ಆಗಿದ್ದಿತು. ಇಂಥ ಜಯವನ್ನು ಪ್ರಜೆಗಳು ಕೊಂಡಾಡದಿರುವರೆ? ಹೀಗೆ ನೋಡಿದರೆ ಈ ಅಗ್ಗಿಷ್ಟಿಕೆಯು ಮರದಲ್ಲಿ ಬರೆದ ವಿಜಯಪ್ರಶಸ್ತಿ, ನಾಯಕನು ಚಕ್ರವರ್ತಿ, ರಸವು ವೀರ, ಉಳಿದುದೆಲ್ಲವೂ ಅಲಂಕಾರ. ಇದು ಪೂರ್ವಪಕ್ಷ.

ಈ ಪಕ್ಷವನ್ನು ಅಂಗೀಕರಿಸುವುದಕ್ಕೆ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಯುದ್ಧದ ಸ್ಮಾರಕವೆಂಬ ಈ ಕೃತಿಯ ಮುಖ್ಯಭಾಗದಲ್ಲಿ ಯುದ್ಧವೇ ಇಲ್ಲ. ಕುದುರೆಗಳಿಲ್ಲ, ಈಟಿಗಳಿಲ್ಲ, ಬಿದ್ದ ಭಟರಿಲ್ಲ, ಮಂಡಿಯೂರಿದ ಶತ್ರುರಾಜನಿಲ್ಲ. ಇರುವುದು ಎತ್ತಿದ ಒಂದು ಖಡ್ಗ ಮಾತ್ರ.

ಆ ಕಾಲದ ಶಿಲ್ಪಿಗಳಿಗೆ ಯುದ್ಧವನ್ನು ಚಿತ್ರಿಸಲು ಬಾರದಿದ್ದಿತೆ ಎಂದರೆ, ಹಾಗಲ್ಲ. ಇದೇ ವರ್ಷಗಳಲ್ಲಿ, ಅದೇ ನಾಡಿನ ಬ್ರಸೆಲ್ಸ್ ನಗರದಲ್ಲಿ, ಬರ್ನಾರ್ಡ್ ವಾನ್ ಓರ್ಲೆ ಎಂಬ ಚಿತ್ರಕಾರನ ಬರಹಗಳನ್ನನುಸರಿಸಿ ಪಾವಿಯಾದ ಯುದ್ಧವನ್ನು ಏಳು ದೊಡ್ಡ ಚಿತ್ರಪಟಗಳಾಗಿ ನೆಯ್ದರು. ಅವನ್ನು ೧೫೩೧ರಲ್ಲಿ ನಾಡಿನ ಪ್ರತಿನಿಧಿಸಭೆಯವರು ಚಕ್ರವರ್ತಿಗೆ ಕಾಣಿಕೆಯಾಗಿ ಒಪ್ಪಿಸಿದರು. ಈಗ ಅವು ನೇಪಲ್ಸ್ ನಗರದ ಕಾಪೊದಿಮೊಂಟೆ ವಸ್ತುಸಂಗ್ರಹಾಲಯದಲ್ಲಿವೆ. ಆ ಪಟಗಳಲ್ಲಿ ಸೈನ್ಯಗಳ ನೂಕುನುಗ್ಗಲು, ಪಲಾಯನ, ಫ್ರಾನ್ಸಿಸನ ಬಂಧನ ಎಲ್ಲವೂ ಸವಿಸ್ತಾರವಾಗಿ ಚಿತ್ರಿತವಾಗಿವೆ. ಒಂದೇ ವಿಜಯ, ಒಂದೇ ನಾಡು, ಒಂದೇ ಕಾಲ. ಆದರೂ ಒಂದು ಕೃತಿಯು ಯುದ್ಧವನ್ನೇ ತೋರಿಸಿತು, ಇನ್ನೊಂದು ಅದನ್ನು ಬಿಟ್ಟಿತು. ಈ ಭೇದಕ್ಕೆ ಕಾರಣವನ್ನು ಹೇಳದೆ ಪೂರ್ವಪಕ್ಷವು ನಿಲ್ಲಲಾರದು.

ನಮ್ಮ ಶಾಸ್ತ್ರಕಾರರಿಂದ ಒಂದು ಕಾರಣವನ್ನು ತರಬಹುದು. ದಶರೂಪಕಕಾರನಾದ ಧನಂಜಯನು ವಧೆ, ಯುದ್ಧ ಮೊದಲಾದುವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದು ವಿಧಿಸುವನು, ಅವು ಸೂಚ್ಯಗಳು. ಆದರೆ ಚಿತ್ರದ ವಿಷಯದಲ್ಲಿ ವಿಷ್ಣುಧರ್ಮೋತ್ತರದ ಮತವು ಬೇರೆಯಾಗಿದೆ. ವಾಸದ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತಗಳನ್ನು ಮಾತ್ರ ಬರೆಯತಕ್ಕುದೆಂದೂ, ರಾಜಸಭೆಯಲ್ಲಿಯೂ ದೇವಾಲಯದಲ್ಲಿಯೂ ಸಕಲ ರಸಗಳಿಗೂ ಅವಕಾಶವುಂಟೆಂದೂ ಅದು ಹೇಳುವುದು. ಬ್ರೂಜ್‌ನ ಈ ಮನೆಯು ಸಭೆಯೇ ಹೊರತು ವಾಸಗೃಹವಲ್ಲ. ಔಚಿತ್ಯದ ನಿಯಮವು ಅಲ್ಲಿ ಯುದ್ಧಚಿತ್ರವನ್ನು ತಡೆಯುತ್ತಿರಲಿಲ್ಲ. ಆದುದರಿಂದ ಯುದ್ಧವನ್ನು ಬಿಟ್ಟುದಕ್ಕೆ ಆ ಸಭೆಯ ಪ್ರಯೋಜನದಲ್ಲಿಯೇ ಕಾರಣವನ್ನು ಹುಡುಕಬೇಕು.

೪. ಸಭೆಯವರು ಪಡೆದುದೇನು?

ಈ ಕೃತಿಯನ್ನು ಮಾಡಿಸಿದವರು ಚಕ್ರವರ್ತಿಯ ಆಸ್ಥಾನದವರಲ್ಲ, ಬ್ರೂಜ್ ನಗರದವರೂ ಅಲ್ಲ. ಬ್ರೂಜ್ ನಗರದ ಸುತ್ತಣ ಗ್ರಾಮಪ್ರದೇಶಕ್ಕೆ ‘ಬ್ರೂಜ್‌ನ ಸ್ವತಂತ್ರಸೀಮೆ’ಯೆಂದು ಹೆಸರು. ಅದಕ್ಕೆ ನಗರದಿಂದ ಬೇರೆಯಾದ ಆಡಳಿತವೂ ಬೇರೆಯಾದ ನ್ಯಾಯಸಭೆಯೂ ಇದ್ದುವು. ಆ ಸಭೆಯ ಪಂಚಾಯತರು ತಾವು ಕುಳಿತು ವ್ಯವಹಾರಗಳನ್ನು ತೀರಿಸುತ್ತಿದ್ದ ಮನೆಗೆ ಈ ಅಗ್ಗಿಷ್ಟಿಕೆಯನ್ನು ಮಾಡಿಸಿದರು.

ಇಟಲಿಯಲ್ಲಿ ನಡೆದ ಯುದ್ಧದಿಂದ ಫ್ಲಾಂಡರ್ಸಿನ ಹಳ್ಳಿಗಳ ನ್ಯಾಯಾಧಿಕಾರಿಗಳಿಗೆ ಬಂದ ಲಾಭವೇನು? ಫ್ಲಾಂಡರ್ಸ್ ಸೀಮೆಯ ಬಹುಭಾಗವು ಬಹುಕಾಲದಿಂದ ಫ್ರಾನ್ಸಿನ ಅರಸನ ಅಧೀನಸಾಮಂತರಾಜ್ಯವೆಂದು ಗಣಿಸಲ್ಪಡುತ್ತಿದ್ದಿತು. ಇದರ ಫಲವಾಗಿ ಅಲ್ಲಿನ ತೀರ್ಪುಗಳ ಮೇಲೆ ಪ್ಯಾರಿಸ್ ನಗರದ ‘ಪಾರ್ಲಮಾ’ ಎಂಬ ಉಚ್ಚ ನ್ಯಾಯಸ್ಥಾನಕ್ಕೆ ಮರುವಿಚಾರಣೆಗಾಗಿ ಹೋಗಲು ಅವಕಾಶವಿದ್ದಿತು. ಸೆರೆಯಲ್ಲಿದ್ದ ಫ್ರಾನ್ಸಿಸನು ೧೫೨೬ನೆಯ ಜನವರಿಯಲ್ಲಿ ಮಾಡಿಕೊಂಡ ಮಾಡ್ರಿಡ್ ಒಡಂಬಡಿಕೆಯಲ್ಲಿ ಫ್ಲಾಂಡರ್ಸ್ ಮತ್ತು ಆರ್ತ್ವಾ ಸೀಮೆಗಳ ಮೇಲಣ ಈ ಮೇಲಧಿಕಾರವನ್ನು ಬಿಟ್ಟುಕೊಟ್ಟನು. ಬಿಡುಗಡೆ ಹೊಂದಿ ತನ್ನ ರಾಜ್ಯವನ್ನು ಸೇರಿದ ಕೂಡಲೆ, ಬಲಾತ್ಕಾರದಿಂದ ಪಡೆದ ಮಾತು ಮಾತಲ್ಲವೆಂದು ಆ ಒಡಂಬಡಿಕೆಯನ್ನು ನಿರಾಕರಿಸಿದನು. ಪುನಃ ಯುದ್ಧವಾಯಿತು. ಕಡೆಗೆ ೧೫೨೯ನೆಯ ಆಗಸ್ಟ್ ತಿಂಗಳಲ್ಲಿ ಕಾಂಬ್ರೇ ಎಂಬಲ್ಲಿ ಚಕ್ರವರ್ತಿಯ ಸೋದರತ್ತೆಯಾದ ಆಸ್ಟ್ರಿಯದ ಮಾರ್ಗರೆಟ್ ಮತ್ತು ಫ್ರಾನ್ಸಿಸನ ತಾಯಿಯಾದ ಸವಾಯಿಯ ಲೂಯಿಸ್, ಈ ಇಬ್ಬರು ಸ್ತ್ರೀಯರು ಕುಳಿತು ಸಂಧಿಯನ್ನು ಮಾಡಿದರು. ಅದಕ್ಕೆ ‘ಸ್ತ್ರೀಯರ ಸಂಧಿ’ಯೆಂದೇ ಪ್ರಸಿದ್ಧಿ. ಬರ್ಗಂಡಿ ಸಂಸ್ಥಾನವು ಫ್ರಾನ್ಸಿನ ಕೈಯಲ್ಲಿಯೇ ಉಳಿಯಿತು. ಫ್ಲಾಂಡರ್ಸಿನ ಮೇಲಣ ಅಧಿಕಾರವನ್ನು ಫ್ರಾನ್ಸಿಸನು ಮತ್ತೆ ಬಿಟ್ಟುಕೊಟ್ಟನು.

ಈ ಕಾಲಕ್ರಮವನ್ನು ಕೃತಿಯ ಕಾಲದೊಡನೆ ಹೋಲಿಸಿ ನೋಡಬೇಕು. ಕೆಲಸವು ಮೊದಲಾದ ೧೫೨೮ರಲ್ಲಿ ಮಾಡ್ರಿಡ್ಡಿನ ಮಾತು ಮುರಿದುಹೋಗಿದ್ದಿತು, ಕಾಂಬ್ರೇ ಸಂಧಿಯು ಇನ್ನೂ ಆಗಿರಲಿಲ್ಲ. ಕೊಡುವೆನೆಂದ ಹಕ್ಕನ್ನು ಕೊಡುವವನೇ ಅಲ್ಲಗಳೆದಿದ್ದ ಸಮಯದಲ್ಲಿ ಆ ನ್ಯಾಯಾಧಿಕಾರಿಗಳು ಈ ಕಟ್ಟನ್ನು ಎಬ್ಬಿಸಲು ತೊಡಗಿದರು. ಹಕ್ಕು ಸ್ಥಿರವಾದ ಮೇಲೆ ೧೫೩೧ರಲ್ಲಿ ಮುಗಿಸಿದರು. ಕಳೆದ ಜಯವನ್ನು ನೆನೆದು ಸಂತೋಷಪಡುವುದಕ್ಕಿಂತಲೂ, ಜಯದಿಂದ ದೊರೆತ ಹಕ್ಕನ್ನು ಸ್ಥಿರಪಡಿಸಿಕೊಳ್ಳುವುದೇ ಅವರಿಗೆ ಹೆಚ್ಚಿನ ಪ್ರಯೋಜನವಾಗಿದ್ದಿತೆಂದು ಇದರಿಂದ ಊಹಿಸುವುದು ಅಸಂಗತವಾಗಲಾರದು.

೫. ಸಿದ್ಧಾಂತ

ಆದಕಾರಣ ನಮ್ಮ ಅಭಿಪ್ರಾಯವೇನೆಂದರೆ: ಈ ಅಗ್ಗಿಷ್ಟಿಕೆಯು ಪ್ರಶಸ್ತಿಯಲ್ಲ, ಶಾಸನ. ಪ್ರಶಸ್ತಿಯು ರಾಜನ ಗುಣವನ್ನು ಹೇಳಿ ಮುಗಿಯುವುದು. ಶಾಸನವು ಆ ಗುಣವರ್ಣನೆಯನ್ನು ಪೀಠಿಕೆಯಾಗಿ ಮಾಡಿಕೊಂಡು, ಯಾರಿಗೆ ಯಾವ ಹಕ್ಕು ಸಂದಿತೆಂಬುದನ್ನು ಮುಂದಿನವರಿಗೆ ತಿಳಿಸುವುದು. ಮೊದಲನೆಯದರಲ್ಲಿ ರಾಜನು ಅಂಗಿ. ಎರಡನೆಯದರಲ್ಲಿ ಅವನು ಅಂಗ.

ಶಾಸನದ ಅಂಗಗಳಾವುವೆಂಬುದನ್ನು ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯವು ಸ್ಪಷ್ಟವಾಗಿ ಹೇಳಿದೆ. ಭೂಮಿಯನ್ನು ದಾನಮಾಡಿದ ಅರಸನು ಮುಂದೆ ಬರುವ ಸಾಧುರಾಜರ ಪರಿಜ್ಞಾನಕ್ಕಾಗಿ ಅದನ್ನು ಬಟ್ಟೆಯ ಮೇಲೋ ತಾಮ್ರಪಟ್ಟದ ಮೇಲೋ ಬರೆಯಿಸಬೇಕು; ಅದರಲ್ಲಿ ಸ್ವಮುದ್ರೆಯಿರಬೇಕು; ತನ್ನ ವಂಶ್ಯರನ್ನೂ ತನ್ನನ್ನೂ ಹೇಳಬೇಕು; ಕೊಟ್ಟುದರ ಪರಿಮಾಣವನ್ನೂ ಎಲ್ಲೆಯನ್ನೂ ಕಾಣಿಸಬೇಕು. ವಂಶ್ಯರೆಂದರೆ ಪ್ರಪಿತಾಮಹ, ಪಿತಾಮಹ, ಪಿತೃಗಳೆಂದು ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ವಿವರಿಸುವನು. ಇದರ ಮೇಲೆ, ದಾನವನ್ನು ಅಪಹರಿಸಿದವನಿಗೆ ಬರುವ ಕೇಡನ್ನು ಹೇಳುವ ಶಾಪಾಶಯವನ್ನು ಕೊನೆಯಲ್ಲಿ ಬರೆಯುವುದು ನಮ್ಮ ತಾಮ್ರಶಾಸನ, ಶಿಲಾಶಾಸನಗಳ ರೂಢಿ. ಫ್ಲಾಂಡರ್ಸಿನವರು ಯಾಜ್ಞವಲ್ಕ್ಯನನ್ನು ಬಲ್ಲವರಾಗಿರಲಿಲ್ಲವೆಂದು ಹೇಳಬೇಕಾದುದಿಲ್ಲ. ಇಲ್ಲಿ ಪ್ರಭಾವದ ಮಾತಿಲ್ಲ. ಹಕ್ಕನ್ನು ಸ್ಥಿರವಾಗಿಸಬೇಕಾದ ಜನರು ಎಲ್ಲಿದ್ದರೂ ಇವೇ ಅಂಗಗಳನ್ನು ಅಪೇಕ್ಷಿಸುವರೆಂಬುದಷ್ಟೇ ನಮ್ಮ ವಿವಕ್ಷೆ.

ಈಗ ಅಂಗಗಳನ್ನು ಒಂದೊಂದಾಗಿ ಹೊಂದಿಸಿ ನೋಡೋಣ. ಲಾಂಛನಫಲಕಗಳು ಮುದ್ರೆ. ನಡುವಣ ಚಾರ್ಲ್ಸನು ದಾತೃ. ಪಾರ್ಶ್ವಗಳ ನಾಲ್ವರು ಪಿತಾಮಹ ಮಾತಾಮಹರು, ಪದಕಗಳ ತಂದೆತಾಯಿಗಳು, ಇವರು ವಂಶ್ಯರು. ಇವರನ್ನು ಇಲ್ಲಿ ನಿಲ್ಲಿಸಿದುದು ಬರಿಯ ಕುಲಾಭಿಮಾನದಿಂದಲ್ಲ. ಫ್ಲಾಂಡರ್ಸ್ ಸೀಮೆಯು ಚಾರ್ಲ್ಸನಿಗೆ ಬಂದುದು ಖಡ್ಗದಿಂದಲ್ಲ. ಬರ್ಗಂಡಿಯ ಮೇರಿಯಿಂದ ಆಕೆಯ ಮಗನಾದ ಫಿಲಿಪನಿಗೆ, ಫಿಲಿಪನಿಂದ ಅವನಿಗೆ. ಸ್ಪೇನಿನ ರಾಜ್ಯಗಳು ಬಂದುದು ಫರ್ಡಿನೆಂಡ್ ಮತ್ತು ಇಸಾಬೆಲ್ಲರಿಂದ, ಜೊಹಾನಾಳ ಮೂಲಕ. ನ್ಯಾಯಸಭೆಯಲ್ಲಿ ಕುಳಿತವರಿಗೆ ಇಂಥ ಪರಂಪರೆಯು ಎಂಥ ಅರ್ಥವನ್ನು ಕೊಡುವುದೆಂದು ಬೇರೆ ಹೇಳಬೇಕೆ? ಆಸ್ತಿಯ ವ್ಯವಹಾರದಲ್ಲಿ ಮೊದಲು ಕೇಳುವ ಪ್ರಶ್ನೆಯೇ ‘ಇದು ನಿನಗೆ ಯಾರಿಂದ ಬಂದಿತು?’ ಎಂಬುದು. ಆ ಪ್ರಶ್ನೆಗೆ ಮರದ ವಿಗ್ರಹಗಳು ಉತ್ತರವನ್ನು ಹೇಳುತ್ತ ನಿಂತಿವೆ. ಇವರಲ್ಲಿ ಮೇರಿ, ಇಸಾಬೆಲ್ಲ, ಜೊಹಾನಾ ಈ ಸ್ತ್ರೀಯರನ್ನು ತೆಗೆದುಬಿಟ್ಟರೆ ಪರಂಪರೆಯ ಕೊಂಡಿಯೇ ಕಳಚುವುದು. ವೀರಪ್ರಶಸ್ತಿಗೆ ಅವರಿಂದ ಪ್ರಯೋಜನವಿಲ್ಲ. ಹಕ್ಕಿನ ಶಾಸನಕ್ಕೆ ಅವರಿಲ್ಲದೆ ಸಾಗದು.

ದತ್ತವಸ್ತುವಿನ ಪರಿಮಾಣವೆಲ್ಲಿ ಎಂದು ಕೇಳಬಹುದು. ಅದು ಮರದಲ್ಲಿಲ್ಲ, ಆ ಮನೆಯಲ್ಲಿಯೇ ಇದೆ. ಅಲ್ಲಿ ಕುಳಿತು, ಪ್ಯಾರಿಸಿನ ಕಡೆಗೆ ನೋಡದೆ ತೀರ್ಪು ಕೊಡುವ ಅಧಿಕಾರವೇ ದತ್ತವಸ್ತು. ಬೇರೆಲ್ಲಿಯಾದರೂ ಈ ಕಟ್ಟನ್ನು ಇಟ್ಟಿದ್ದರೆ ಇದು ಪ್ರಶಸ್ತಿಯಾಗಿ ಉಳಿಯುತ್ತಿದ್ದಿತು. ಆ ಸ್ಥಾನದಲ್ಲಿದ್ದುದರಿಂದ ಶಾಸನವಾಯಿತು. ಅರ್ಥನಿರ್ಣಯಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆಗಳೆಂದು ಆರು ಪ್ರಮಾಣಗಳನ್ನು ಹೇಳಿ, ಇವುಗಳಲ್ಲಿ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆನ್ನುವ ಮೀಮಾಂಸಕರು, ಶ್ರುತಿಪ್ರಾಯನಾಗಿ ಎದುರಿಗೆ ನಿಂತ ಚಕ್ರವರ್ತಿಯನ್ನು ಬಿಟ್ಟು ದುರ್ಬಲವಾದ ಸ್ಥಾನವನ್ನು ಹಿಡಿಯಬಹುದೆ ಎಂದು ಆಕ್ಷೇಪಿಸಿಯಾರು. ಪ್ರಮಾಣಗಳ ಬಲಾಬಲವು ವಿರೋಧವಿದ್ದಲ್ಲಿ ಮಾತ್ರ ವಿಚಾರಣೀಯ. ಇಲ್ಲಿ ಸ್ಥಾನವು ಚಕ್ರವರ್ತಿಯನ್ನು ಬಾಧಿಸುವುದಿಲ್ಲ. ಅವನು ಅಲ್ಲಿ ಏಕೆ ನಿಂತಿರುವನೆಂಬುದನ್ನು ತಿಳಿಸುವುದು.

ಶಾಸನವನ್ನು ದಾತೃವೇ ಬರೆಯಿಸಬೇಕು, ಇಲ್ಲಿ ಪಡೆದವರು ಬರೆಯಿಸಿದರಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಸಮಾಧಾನವು ಸುಲಭ. ಅರಸನಿಂದ ಬಂದ ಹಕ್ಕನ್ನು ಪಡೆದವರೇ ಕಲ್ಲಿಗೆ ಹಾಕಿಸಿಕೊಂಡು ಊರ ನಡುವೆ ನಿಲ್ಲಿಸಿಕೊಳ್ಳುವುದು ನಮ್ಮ ನಾಡಿನಲ್ಲಿ ಅಪರಿಚಿತವಲ್ಲ. ಕೊಟ್ಟವನಿಗೆ ಮರವೆಯುಂಟು, ಪಡೆದವನಿಗೆ ಇಲ್ಲ.

ಯುದ್ಧದೃಶ್ಯವಿಲ್ಲದಿರುವುದಕ್ಕೂ ಈಗ ಕಾರಣವು ತಿಳಿಯಿತು. ಚಕ್ರವರ್ತಿಗೆ ಕೊಟ್ಟ ಕಾಣಿಕೆಯಲ್ಲಿ ಯುದ್ಧವು ಬೇಕಾಗಿದ್ದಿತು. ಏಕೆಂದರೆ ಅದು ಅವನ ಕೀರ್ತಿ. ನ್ಯಾಯಸಭೆಗೆ ಬೇಕಾದುದು ಯುದ್ಧದ ಫಲ. ಚಾರ್ಲ್ಸನು ಪಾವಿಯಾದಲ್ಲಿರಲಿಲ್ಲ, ಅವನು ಆಗ ಸ್ಪೇನಿನಲ್ಲಿದ್ದನು. ಜಯದ ವಾರ್ತೆಯು ಬಂದಾಗ ಅವನು ಪ್ರಾರ್ಥನೆಗೆ ಹೋಗಿ, ಸ್ವಮತೀಯರ ಮೇಲಣ ಜಯವಾದುದರಿಂದ ಉತ್ಸವಗಳು ಬೇಡವೆಂದನೆಂದು ಚರಿತ್ರಕಾರರು ಹೇಳುವರು. ಸ್ವತಃ ಯುದ್ಧಮಾಡದ ರಾಜನನ್ನು ಯುದ್ಧದ ನಡುವೆ ತೋರಿಸದಿದ್ದುದರಿಂದ ಈ ಕೃತಿಯು ಒಂದು ಅಸತ್ಯದಿಂದಲೂ ಪಾರಾಯಿತು.

೬. ಸುಸನ್ನೆಯ ಕಥೆ

ಉಳಿದುದು ಶಾಪಾಶಯ. ಅದೇ ಆಲಬಾಸ್ಟರ್ ಕಲ್ಲಿನ ಪಟ್ಟಿ. ಅನೇಕ ವಿಮರ್ಶಕರು ಇದನ್ನು ನ್ಯಾಯಸಭೆಗೆ ಉಚಿತವಾದ ಅಲಂಕಾರವೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುವರು. ನಮಗೆ ತೋರುವಂತೆ ಇಡೀ ಕೃತಿಯ ಗಾಂಭೀರ್ಯವು ಇದರಲ್ಲಿಯೇ ನೆಲಸಿದೆ.

ಕಥೆಯು ಕ್ರೈಸ್ತರ ಧರ್ಮಗ್ರಂಥದ ದಾನಿಯೇಲನ ಭಾಗಕ್ಕೆ ಸೇರಿದುದು. ಬಾಬಿಲೋನಿನಲ್ಲಿ ಸುಸನ್ನೆಯೆಂಬ ಸಾಧ್ವಿಯಿದ್ದಳು. ಜನರಿಗೆ ನ್ಯಾಯವನ್ನು ಹೇಳುತ್ತಿದ್ದ ಇಬ್ಬರು ವೃದ್ಧರು ಆಕೆಯನ್ನು ಕಾಮಿಸಿ, ಆಕೆಯು ಉದ್ಯಾನದಲ್ಲಿ ಸ್ನಾನಕ್ಕೆಂದು ಇದ್ದಾಗ ಮರೆಯಿಂದ ಬಂದು, ತಮ್ಮ ಇಚ್ಛೆಗೆ ಒಪ್ಪದಿದ್ದರೆ ವ್ಯಭಿಚಾರದ ಅಪವಾದವನ್ನು ಹೊರಿಸುವೆವೆಂದು ಬೆದರಿಸಿದರು. ಆಕೆ ಒಪ್ಪಲಿಲ್ಲ. ಅವರು ಸಭೆಯಲ್ಲಿ ಸುಳ್ಳುಸಾಕ್ಷ್ಯ ನುಡಿದರು. ವೃದ್ಧರೂ ನ್ಯಾಯಾಧಿಪತಿಗಳೂ ಆದವರ ಮಾತನ್ನು ಜನರು ನಂಬಿ ಆಕೆಗೆ ಮರಣದಂಡನೆಯನ್ನು ವಿಧಿಸಿದರು. ಆಗ ತರುಣನಾದ ದಾನಿಯೇಲನು ತಡೆದು, ಇಬ್ಬರನ್ನೂ ಬೇರೆಬೇರೆಯಾಗಿ ಕರೆದು, ಯಾವ ಮರದ ಕೆಳಗೆ ಅವಳನ್ನು ಕಂಡೆಯೆಂದು ಪ್ರಶ್ನಿಸಿದನು. ಒಬ್ಬನು ಒಂದು ಮರವನ್ನೂ ಇನ್ನೊಬ್ಬನು ಬೇರೊಂದು ಮರವನ್ನೂ ಹೇಳಿದರು. ಸುಳ್ಳು ಬಯಲಾಯಿತು, ಆಕೆಗೆ ವಿಧಿಸಿದ ದಂಡನೆಯು ಅವರಿಗೇ ತಗಲಿತು.

ಈ ಕಥೆಯಲ್ಲಿ ಅಪರಾಧಿಗಳು ಯಾರು? ಕಳ್ಳರಲ್ಲ, ಶತ್ರುಗಳಲ್ಲ, ನ್ಯಾಯಾಧಿಪತಿಗಳೇ. ಅಗ್ಗಿಷ್ಟಿಕೆಯ ಎದುರಿಗೆ ಕುಳಿತಿರುತ್ತಿದ್ದವರೂ ನ್ಯಾಯಾಧಿಪತಿಗಳೇ. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಧರ್ಮವನ್ನು ಮೀರಿ ನಡೆದ ಸಭ್ಯರನ್ನು, ವಿವಾದದಲ್ಲಿ ಸೋತವನಿಗೆ ವಿಧಿಸುವ ದಂಡದ ಇಮ್ಮಡಿಯಿಂದ, ಬೇರೆಬೇರೆಯಾಗಿ ದಂಡಿಸಬೇಕೆಂದು ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಹೇಳುವನು. ಅದೇ ಅರ್ಥವನ್ನು ಬೋಗ್ರಾಂ ಶಿಲ್ಪಿಯು ಬಿಳಿಯ ಕಲ್ಲಿನಲ್ಲಿ ಹೇಳಿರುವನು. ನಮ್ಮ ಶಾಸನಗಳ ಶಾಪವು ಸಾಮಾನ್ಯವಾಗಿ ಹಕ್ಕನ್ನು ಕಸಿದುಕೊಳ್ಳುವ ಪರರ ಮೇಲೆ ಬೀಳುವುದು. ಈ ಶಾಸನದ ಶಾಪವಾದರೋ ಹಕ್ಕನ್ನು ಪಡೆದವರ ಮೇಲೆಯೇ ಬೀಳುವುದು. ಮೇಲಿನ ನ್ಯಾಯಸ್ಥಾನವು ತಪ್ಪಿದ ಬಳಿಕ ತಮ್ಮನ್ನು ಪ್ರಶ್ನಿಸುವವರು ಯಾರೆಂಬ ಪ್ರಶ್ನೆಯು ಅವರ ಮುಂದೆ ಇದ್ದೇ ಇದ್ದಿತು. ಅದಕ್ಕೆ ಉತ್ತರವನ್ನು ಅವರು ತಮ್ಮ ಬೆಂಕಿಯ ಮೇಲೆ ತಾವೇ ಕೆತ್ತಿಸಿಕೊಂಡರು.

ಈ ಕಟ್ಟಿಗೆ ಹಿತ್ತಾಳೆಯ ಹಿಡಿಗಳನ್ನು ತೂಗಹಾಕಿದೆ. ಪಂಚಾಯತರು ನೆನೆದ ಪಾದರಕ್ಷೆಗಳನ್ನು ಬೆಂಕಿಗೆ ಒಡ್ಡಿ ಒಣಗಿಸುವಾಗ ಮುಗ್ಗರಿಸದಂತೆ ಅವನ್ನು ಹಿಡಿದುಕೊಳ್ಳುತ್ತಿದ್ದರೆಂದು ಅಲ್ಲಿಯವರು ಹೇಳುತ್ತ ಬಂದಿರುವರು. ಪ್ರಯಾಣಿಕರು ಇದನ್ನು ವಿನೋದವಾಗಿ ಬರೆಯುವುದುಂಟು. ಆದರೆ ಹಾಗೆ ಹಿಡಿಯನ್ನು ಹಿಡಿದು ನಿಂತವನ ಮುಖಕ್ಕೆ ಸಮೀಪವಾಗಿದ್ದುದು ತಲೆಯೆತ್ತಿ ನೋಡಬೇಕಾದ ಚಕ್ರವರ್ತಿಯ ವಿಗ್ರಹವಲ್ಲ, ಸುಸನ್ನೆಯ ಕಥೆಯ ಪಟ್ಟಿ. ದೂರದಿಂದ ಬಂದ ವಾದಿಪ್ರತಿವಾದಿಗಳಿಗೆ ಖಡ್ಗವು ಕಾಣುತ್ತಿದ್ದಿತು. ಹತ್ತಿರ ನಿಂತ ನ್ಯಾಯಾಧಿಪತಿಗೆ ದುಷ್ಟ ನ್ಯಾಯಾಧಿಪತಿಗಳ ಗತಿಯು ಕಾಣುತ್ತಿದ್ದಿತು. ಇದಕ್ಕಿಂತ ಉಚಿತವಾದ ಸಂನಿವೇಶವನ್ನು ಕಲ್ಪಿಸುವುದು ಕಷ್ಟ.

೭. ದೋಷವಿಚಾರ

ಗುಣವನ್ನು ಹೇಳಿದ ಬಳಿಕ ದೋಷವನ್ನು ಹೇಳದಿದ್ದರೆ ವಿಮರ್ಶೆಯು ತಾನೇ ಪ್ರಶಸ್ತಿಯಾಗುವುದು. ಅಪ್ರಧಾನವಾದ ಅಂಗವನ್ನು ಅತಿಯಾಗಿ ವಿಸ್ತರಿಸುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿರುವನು. ನಾವು ಅಂಗವೆಂದ ರಾಜವರ್ಗಕ್ಕೆ ಇಲ್ಲಿ ಗೋಡೆಯೆಲ್ಲವೂ ಮೀಸಲಾಗಿದೆ. ಅಂಗಿಯೆಂದ ನ್ಯಾಯಕ್ಕೆ ಒಂದು ಕಿರಿಯ ಪಟ್ಟಿ ಮಾತ್ರ ದೊರೆತಿದೆ. ಮೇಲೆ ಹೇಳಿದ ಸಾಮೀಪ್ಯದಿಂದ ಈ ದೋಷವು ಸ್ವಲ್ಪಮಟ್ಟಿಗೆ ಪರಿಹಾರವಾಗುವುದಾದರೂ ಪೂರ್ಣವಾಗಿ ಅಲ್ಲ. ನೂರು ಜನ ನೋಡಿದರೆ ತೊಂಬತ್ತು ಜನ ಚಕ್ರವರ್ತಿಯನ್ನೇ ಕಂಡು ಹಿಂದಿರುಗುವರು. ಬಳ್ಳಿ, ಬಾಲಕ, ಲಾಂಛನಗಳ ದಟ್ಟಣೆಯೂ ಕಣ್ಣಿಗೆ ವಿಶ್ರಾಂತಿಯನ್ನು ಕೊಡುವುದಿಲ್ಲ.

ಎರಡನೆಯದು ಮೌನದ ದೋಷ. ಕೆಲಸಕ್ಕೆ ತೊಡಗುವುದಕ್ಕೆ ಒಂದು ವರ್ಷ ಮೊದಲು, ೧೫೨೭ನೆಯ ಮೇ ತಿಂಗಳಲ್ಲಿ, ಸಂಬಳವಿಲ್ಲದೆ ರೊಚ್ಚಿಗೆದ್ದ ಇದೇ ಚಕ್ರವರ್ತಿಯ ಸೇನೆಯು ರೋಮ್ ನಗರವನ್ನು ಸೂರೆಮಾಡಿದ್ದಿತು. ಖಡ್ಗವನ್ನೆತ್ತಿದ ವಿಗ್ರಹವು ಆ ಖಡ್ಗವು ಕೈತಪ್ಪಿಹೋದ ಸಂಗತಿಯನ್ನು ಹೇಳುವುದಿಲ್ಲ. ಮುಂದೆ ೧೫೩೯ರಲ್ಲಿ, ಚಕ್ರವರ್ತಿಯ ಜನ್ಮಸ್ಥಳವೂ ಬ್ರೂಜ್‌ಗೆ ನೆರೆಯದೂ ಆದ ಘೆಂಟ್ ನಗರವು ತೆರಿಗೆಯ ವಿಷಯದಲ್ಲಿ ತಿರುಗಿಬಿದ್ದಿತು. ೧೫೪೦ರಲ್ಲಿ ಅವನು ತಾನೇ ಬಂದು ಆ ನಗರದ ಹಳೆಯ ಹಕ್ಕುಗಳನ್ನು ಕಿತ್ತುಕೊಂಡು, ಅಲ್ಲಿನ ಕೆಲವರನ್ನು ಕೊರಳಿಗೆ ಉರುಳು ಹಾಕಿಸಿ ತನ್ನ ಮುಂದೆ ಕ್ಷಮೆ ಬೇಡಿಸಿದನು. ಸ್ವತಂತ್ರಸೀಮೆಯವರಿಗೆ ಹಕ್ಕನ್ನು ತಂದುಕೊಟ್ಟ ಕೈಯೇ ನೆರೆಯವರ ಹಕ್ಕನ್ನು ಕಸಿದುಕೊಂಡಿತು. ರಾಜನ ಮೇಲೆ ಹಕ್ಕನ್ನು ನಿಲ್ಲಿಸುವವರು ಎಂಥ ನೆಲದ ಮೇಲೆ ನಿಲ್ಲಿಸುವರೆಂಬುದಕ್ಕೆ ಇದು ಸಾಕ್ಷಿ.

ಆ ನೆಲವು ಸ್ಥಿರವಾಗಿಯೂ ಉಳಿಯಲಿಲ್ಲ. ೧೭೯೫ರಲ್ಲಿ ಫ್ರಾನ್ಸಿನ ಪ್ರಜಾಪ್ರಭುತ್ವವು ಆ ನಾಡನ್ನು ತನ್ನಲ್ಲಿ ಸೇರಿಸಿಕೊಂಡಿತು, ಸ್ವತಂತ್ರಸೀಮೆಯು ಅಳಿಯಿತು. ಯಾವ ಫ್ರಾನ್ಸಿನ ಅಧಿಕಾರವು ತಪ್ಪಿತೆಂದು 'ಶಾಸನ'ವನ್ನು ಬರೆಯಿಸಿದ್ದರೋ ಅದೇ ಅಧಿಕಾರವು ಬೇರೆ ರೂಪದಿಂದ ಮರಳಿ ಬಂದಿತು. ಮುದ್ರೆಗೂ ವಂಶ್ಯರಿಗೂ ದಾತೃವಿಗೂ ಆಮೇಲೆ ಬಲವುಳಿಯಲಿಲ್ಲ. ಆದರೆ ಆ ಕಟ್ಟಡದಲ್ಲಿ ೧೭೯೫ರಿಂದ ೧೯೮೪ರ ವರೆಗೂ ನ್ಯಾಯಾಲಯವು ನಡೆಯಿತು. ಚಾರ್ಲ್ಸನೊಡನೆ ಯಾವ ಸಂಬಂಧವೂ ಇಲ್ಲದ ನ್ಯಾಯಾಧಿಪತಿಗಳು ತಲೆತಲಾಂತರವಾಗಿ ಆ ಸೂರಿನ ಕೆಳಗೆ ತೀರ್ಪು ಕೊಟ್ಟರು. ಅವರಿಗೆ ಮೇಲಿನ ಓಕ್ ಮರದ ವಂಶಾವಳಿಯು ಪುರಾತನವಸ್ತು. ಕೆಳಗಿನ ಪಟ್ಟಿಯ ಮಾತು ಮಾತ್ರ ಎಂದಿನಂತೆ ಅನ್ವಯಿಸುತ್ತಲೇ ಇದ್ದಿತು.

೮. ಉಪಸಂಹಾರ

ಆರಂಭದಲ್ಲಿ ಎತ್ತಿದ ಶಂಕೆಗೆ ಈಗ ಉತ್ತರವನ್ನು ಹೇಳಬಹುದು. ರಾಜಸ್ತುತಿಯುಳ್ಳ ಕೃತಿಯನ್ನು ವಿಚಾರಿಸುವಾಗ ‘ಈ ಹೊಗಳಿಕೆಯು ನಿಜವೋ ಸುಳ್ಳೋ?’ ಎಂಬಷ್ಟಕ್ಕೆ ನಿಲ್ಲಬಾರದು. ಹೊಗಳಿಸಿದವರು ಯಾರು, ಎಲ್ಲಿ ನಿಂತು ಹೊಗಳಿದರು, ಆ ಹೊಗಳಿಕೆಯ ಮೂಲಕ ಯಾವ ಹಕ್ಕನ್ನು ತಮ್ಮದಾಗಿ ಮಾಡಿಕೊಂಡರು, ಹಾಗೆ ಮಾಡಿಕೊಂಡಾಗ ತಮ್ಮ ಮೇಲೆ ಯಾವ ಕಟ್ಟನ್ನು ಹಾಕಿಕೊಂಡರು ಎಂಬಿಷ್ಟನ್ನೂ ಕೇಳಬೇಕು. ಕಡೆಯ ಪ್ರಶ್ನೆಗೆ ಉತ್ತರವಿಲ್ಲದ ಕೃತಿಯು ಬರಿಯ ಪ್ರಶಸ್ತಿ. ಅದು ರಾಜನೊಡನೆಯೇ ಅಳಿಯುವುದು. ಉತ್ತರವುಳ್ಳ ಕೃತಿಯಾದರೋ ರಾಜನು ಅಳಿದ ಮೇಲೆಯೂ ಜನರೊಡನೆ ಮಾತಾಡುತ್ತಿರುವುದು. ಬ್ರೂಜ್‌ನ ಅಗ್ಗಿಷ್ಟಿಕೆಯು ಈ ಎರಡನೆಯ ವರ್ಗಕ್ಕೆ ಸೇರಿದುದೆಂದು ನಮ್ಮ ಬುದ್ಧಿಗೆ ತೋರಿದೆ. ನಮ್ಮ ದೇಶದ ಚಂಪೂಕಾವ್ಯಗಳನ್ನೂ ಶಾಸನಪದ್ಯಗಳನ್ನೂ ಪಾಠ ಹೇಳುವ ಅಧ್ಯಾಪಕರು ಇದೇ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ ನೋಡಬೇಕೆಂದೂ, ಈ ಲೇಖನದಲ್ಲಿ ಸ್ಖಾಲಿತ್ಯಗಳೇನಾದರೂ ಇದ್ದರೆ ವಿದ್ವಾಂಸರು ತಿದ್ದಿ ಉಪಕರಿಸಬೇಕೆಂದೂ ಪ್ರಾರ್ಥಿಸಿ ವಿರಮಿಸುವೆವು.